ನೆನೆಯದ ಹಾಳೆ

ಕಂತು ಏಳು

ಕಾಗದಗಳು ನೀರಿನ ಮೇಲೆ ತೇಲಿಕೊಂಡು ಹೋಗುತ್ತಿದ್ದವು. ಒಂದರ ಹಿಂದೆ ಒಂದು, ಯಾವ ಅವಸರವೂ ಇಲ್ಲದೆ. ದಡದ ಮೇಲೆ ಪಂಚಾಕ್ಷರಪ್ಪ ಕುಕ್ಕರುಗಾಲಲ್ಲಿ ಕೂತಿದ್ದರು. ತಲೆಯ ಬ್ಯಾಂಡೇಜಿನ ಮೇಲೆ ಟವೆಲ್ಲು ಹೊದ್ದು ನಗುತ್ತಿದ್ದರು.

"ಅದಲ್ಲ ಕಣಯ್ಯಾ ಜಯದೇವ. ಅದಲ್ಲ."

ಹಾಗಾದರೆ ಯಾವುದು ಅಂತ ಕೇಳಬೇಕು, ಜಯದೇವಪ್ಪನವರಿಗೆ ಬಾಯೇ ಬರುತ್ತಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡು ಕೂತಿದೆ. ಇನ್ನೊಂದು ಕಾಗದ ಹೋಯಿತು. ಇನ್ನೊಂದು.

ಆಗ ಯಾರೋ ನಕ್ಕರು. ಹೆಂಗಸಿನ ನಗು, ಅದೂ ಹೊಟ್ಟೆ ತುಂಬ.

ಜಯದೇವಪ್ಪ ಕಣ್ಣು ಬಿಟ್ಟರು. ಎದುರಿಗೆ ನೀರೂ ಇಲ್ಲ, ದಡವೂ ಇಲ್ಲ. ಕಡೂರಿನಲ್ಲಿ ಪಂಚಾಕ್ಷರಪ್ಪನ ಅದೇ ಮನೆ, ಅದೇ ನಡುಮನೆ. ಸುತ್ತ ಗುಡ್ಡೆ ಗುಡ್ಡೆ ಕಾಗದ. ಅದರಾಚೆ ಲೆಕ್ಚರರ್ ಮಲ್ಲಿಕಾರ್ಜುನ ಕನ್ನಡಕ ಮೂಗಿನ ತುದಿಗಿಳಿಸಿ ಹಳೇ ನೋಟ್‌ಬುಕ್ಕೊಂದನ್ನು ಓದುತ್ತಿದ್ದಾನೆ. ಬಾಗಿಲಲ್ಲಿ ಒಬ್ಬ ಮುದುಕಿ, ಕಂಕುಳಲ್ಲಿ ಬಟ್ಟೆ ಗಂಟು, ಹಣೆಗೆ ವಿಭೂತಿ. ನಗುತ್ತಿದ್ದಾಳೆ, ಕಣ್ಣಲ್ಲಿ ನೀರೂ ಇಳಿಯುತ್ತಿದೆ. ಅವಳ ಹಿಂದೆ ಅಂಗಳದ ತುಂಬ ಪುಷ್ಯದ ಮಂಜು ಇನ್ನೂ ಕರಗದೆ ನಿಂತಿತ್ತು. ಕನಸಿನ ಈಚೆ ಬಂದೆನೋ ಇಲ್ಲ ಇನ್ನೂ ಒಳಗೇ ಇದ್ದೇನೋ, ಒಂದು ಗಳಿಗೆ ಅವರಿಗೆ ತಿಳಿಯಲಿಲ್ಲ.

"ಅಲ್ಲ ಕಣ್ರಪ್ಪಾ, ನಾಕು ದಿನದಿಂದ ಇದ್ನೇ ಓದ್ಕೊಂಡು ಕೂತಿದೀರಾ?" ಅಂದಳು ಮುದುಕಿ.

"ಯಾರಮ್ಮಾ ನೀವು?"

"ಕಾಶಮ್ಮ. ಪಂಚಾಕ್ಷರಿ ಅಕ್ಕ. ಬೆಳಗಿನ ರೈಲಿಗೆ ತರೀಕೆರೆಯಿಂದ ಬಂದೆ. ಆಸ್ಪತ್ರೆಗೆ ಹೋದೆ, ತಮ್ಮನ ಮುಖ ನೋಡ್ದೆ, ಅತ್ತೆ. ಇಲ್ಲಿಗೆ ಬಂದ್ರೆ ನಿಮ್ಮನ್ನ ನೋಡಿ ನಗು ಬಂದ್ಬಿಡ್ತು. ಏನ್ಮಾಡ್ಲಿ, ಶಿವ ಕೊಟ್ಟ ಬಾಯಿ."

ಕಳೆದ ಗುರುವಾರ ಬೆಳಗ್ಗೆ ಹಾಲು ಹಾಕಲು ಬಂದ ಈಶ್ವರಮ್ಮನಿಗೆ ಪಂಚಾಕ್ಷರಪ್ಪ ಹಿತ್ತಲ ಶೆಡ್ಡಿನಲ್ಲಿ ಬಿದ್ದಿದ್ದು ಕಂಡಿತ್ತು. ತಲೆಗೆ ಪೆಟ್ಟು. ಪಕ್ಕದಲ್ಲಿ ಡಬ್ಬಿ ಒತ್ತುವ ಪ್ರೆಸ್ಸಿನ ಕಬ್ಬಿಣದ ಹಿಡಿ. "ಹಾಳೇಲೈತೆ... ಹಾಳೇಲೈತೆ" ಅಂತ ಎರಡು ಸಲ ಅಂದವರು, ಆಮೇಲೆ ಇವತ್ತಿನ ಸೋಮವಾರದವರೆಗೂ ತುಟಿ ಬಿಚ್ಚಿಲ್ಲ. ಕಣ್ಣು ಬಿಡುತ್ತಾರೆ, ನೋಡುತ್ತಾರೆ, ಮಾತಿಲ್ಲ.

ಆ ಶೆಡ್ಡಿನಲ್ಲಿ ಅವರು ಮಾಡುತ್ತಿದ್ದದ್ದು ಊರಿಗೆಲ್ಲ ಗೊತ್ತು. ಅಡಿಕೆ ಮರದಿಂದ ಉದುರುವ ಪಟ್ಟೆ ನೆನೆಸಿ, ಕಾದ ಅಚ್ಚಿಗೆ ಹಾಕಿ ಒತ್ತಿ ಡಬ್ಬಿ ತೆಗೆಯುತ್ತಿದ್ದರು. ಅಚ್ಚಿಗೆ ಹಾಕುವುದು ಯಾರು ಬೇಕಾದರೂ ಮಾಡಿಯಾರು. ಪಂಚಾಕ್ಷರಪ್ಪನ ಗುಟ್ಟು ಒಳಗೆ ಬಳಿಯುವ ಅಂಟಿನಲ್ಲಿತ್ತು. ಅದನ್ನು ಬಳಿದ ಡಬ್ಬಿಯಲ್ಲಿ ಬೆಣ್ಣೆ ಇಡಿ, ಮೊಸರು ಇಡಿ, ಎರಡು ದಿನ ಸೋರುವುದಿಲ್ಲ. ತಿಂದು ಮುಗಿಸಿ ತಿಪ್ಪೆಗೆಸೆದರೆ ಮಳೆಗಾಲಕ್ಕೆ ಗೊಬ್ಬರ. ಪೇಟೆಯ ಅಂಗಡಿ ಅಂಗಡಿಯಲ್ಲೂ ಪ್ಲಾಸ್ಟಿಕ್ ಕವರು ತೋರಣ ಕಟ್ಟಿಕೊಂಡು ಕೂತ ಕಾಲದಲ್ಲಿ ಈ ಮನುಷ್ಯನಿಗೆ ಇದೊಂದು ಹುಚ್ಚು. ಆ ಅಂಟಿನ ಪಾಕ ಬರೆದಿಟ್ಟದ್ದು ಎಲ್ಲಿ ಅನ್ನುವುದೇ ಈಗ ಎಲ್ಲರಿಗೂ ಬೇಕಾಗಿತ್ತು. ಪಾಕ ಸಿಕ್ಕರೆ ಹೊಡೆದವನ ಜಾಡೂ ಸಿಕ್ಕೀತು ಅಂತ ಜಯದೇವಪ್ಪನವರ ನಂಬಿಕೆ.

ಇನ್ನೊಂದು ಸಂಗತಿ ಇತ್ತು. ಅದನ್ನು ನೆನೆದರೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬೀರೂರು ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು ಜಯದೇವಪ್ಪ. ಗೋಣಿ, ಈಚಲು ಚಾಪೆ, ಬಿದಿರು ಕುಕ್ಕೆ, ಏನೇ ಬರಲಿ, ಕಟ್ಟಿದ ಗಂಟು ನೋಡಿ ಕಟ್ಟಿದವನ ಊರು ಹೇಳುವರು ಅಂತ ಹೆಸರು. ನಿನ್ನೆ ಭಾನುವಾರ ಶೆಡ್ಡಿನ ಹಿಂದಿನ ಬೇಲಿಯಲ್ಲಿ, ಹೊಡೆದವನು ಕದ್ದು ಬಚ್ಚಿಟ್ಟ ಹಾಗಿದ್ದ ಡಬ್ಬಿಗಳ ಕಟ್ಟೊಂದು ಸಿಕ್ಕಿತು. ಜಯದೇವಪ್ಪ ಕನ್ನಡಕ ಏರಿಸಿ, ಗಂಟು ತಿರುಗಿಸಿ ನೋಡಿ, ನಾಲ್ಕು ಜನರ ಎದುರಿಗೆ ಗತ್ತಿನಿಂದ ಹೇಳಿಬಿಟ್ಟರು: "ಇದು ಚೌಡಪ್ಪನ ಗಂಟು."

ಚೌಡಪ್ಪ ಪಂಚಾಕ್ಷರಪ್ಪನ ಆಳು. ಅಜ್ಜಂಪುರದ ಕಡೆಯವನು, ಶೆಡ್ಡಿನಲ್ಲಿ ಐದು ವರ್ಷ ದುಡಿದವನು. ಸಂಜೆಯೊಳಗೆ ಠಾಣೆಯಲ್ಲಿದ್ದ. ಇವತ್ತು ಮೂರು ಗಂಟೆಗೆ ಕೋರ್ಟಿಗೆ ಹಾಜರು. ಅವನನ್ನು ಜೀಪಿಗೆ ಹತ್ತಿಸುವಾಗ ಅವನು ಇವರ ಮುಖ ನೋಡಿ ಅಂದದ್ದು ಒಂದೇ ಮಾತು: "ನೀವು ಹೇಳಿದ್ರಂತಲ್ಲಾ ಸ್ವಾಮಿ."

ಗಂಟು, ಕಟ್ಟಿದವನು ಯಾರು ಅಂತ ಹೇಳುತ್ತದೆ. ಬೇಲಿಯಲ್ಲಿ ತಂದಿಟ್ಟವನು ಯಾರು ಅಂತ ಎಲ್ಲಿ ಹೇಳುತ್ತದೆ? ಚೌಡಪ್ಪ ದಿನಕ್ಕೆ ಹತ್ತು ಕಟ್ಟು ಕಟ್ಟುವವನು. ಯಾರು ಬೇಕಾದರೂ ಒಂದನ್ನು ಎತ್ತಿಕೊಂಡು ಹೋಗಿರಬಹುದು. ಇಷ್ಟು ಸಣ್ಣ ಸಂಗತಿ ಹೊಳೆಯುವ ಹೊತ್ತಿಗೆ ಜೀಪು ತಿರುವು ದಾಟಿತ್ತು. ಮಾತಾಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ತನ್ನ ನಾಲಿಗೆಗೆ ತಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸಿತ್ತು ಜಯದೇವಪ್ಪನವರಿಗೆ.

"ನನ್ನ ತಮ್ಮ ಏನಂದ ಅಂತ ಇನ್ನೊಂದ್ಸಲ ಹೇಳಿ," ಅಂದಳು ಕಾಶಮ್ಮ, ಹೊಸ್ತಿಲ ಮೇಲೇ ಕೂರುತ್ತಾ.

"ಹಾಳೇಲೈತೆ ಅಂದ್ರಂತೆ. ಅದಕ್ಕೇ ಹಾಳೆ ಹಾಳೆನೂ ತಿರುವಿ ಹಾಕ್ತಾ ಇದೀವಿ. ಬೆಲ್ಲದ ಚೀಟಿಯಿಂದ ಹಿಡಿದು ಲಗ್ನಪತ್ರಿಕೆವರೆಗೆ ಓದಿ ಆಯ್ತು."

"ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ನಮ್ಮನೇಲಿ ಯಾವತ್ತು ಕಾಗ್ದಕ್ಕೆ ಹಾಳೆ ಅಂದಿದೀವಿ? ಕಾಗ್ದಕ್ಕೆ ಕಾಗ್ದ ಅಂತೀವಪ್ಪ. ಹಾಳೆ ಅಂದ್ರೆ ಅಡಿಕೆ ಹಾಳೆ ಕಣ್ರೀ!"

"ಅದು... ಪಟ್ಟೆ ಅಲ್ವೇನಮ್ಮ?"

"ನಿಮಗೆ ಪಟ್ಟೆ. ಬಯಲುಸೀಮೆಯೋರು ನೀವು, ತೆಂಗಿನ ಗರಿ ಬಿಟ್ರೆ ಬೇರೆ ಏನ್ ಗೊತ್ತು? ನಮ್ಮವ್ವ ಮಲೆನಾಡಿನ ಮಗಳು. ಮನೇಲಿ ಹಾಳೆ ಅಂತ್ಲೇ ಅನ್ನೋದು. ಹಾಳೆ ಟೋಪಿ ಇಕ್ಕಿ, ಹಾಳೆ ಮೇಲೆ ಕೂರ್ಸಿ, ದರದರ ಎಳ್ಕೊಂಡು ಆಡ್ಸಿದೀನಿ ಅವನ್ನ ನಾನು." ಕಾಶಮ್ಮನ ನಗು ಅಲ್ಲಿಗೆ ನಿಂತಿತು. "ಮೂವತ್ತು ವರ್ಷದಿಂದ ನಿಮ್ಮೂರಲ್ಲಿ ಪಟ್ಟೆ ಪಟ್ಟೆ ಅಂತ ವ್ಯಾಪಾರ ಮಾಡ್ದ. ಪೆಟ್ಟು ಬಿದ್ದಾಗ ಬಾಯಿಗೆ ಬರೋದು ಅವ್ವನ ಮಾತೇ ಅಲ್ವೇನಪ್ಪಾ?"

ಸೆರಗಿನಿಂದ ಮುಖ ಒರೆಸಿಕೊಂಡಳು. ಜಯದೇವಪ್ಪ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಮೂವತ್ತು ವರ್ಷದ ಗೆಳೆಯ. ಅವನು ಕೊನೆಗೆ ಆಡಿದ ಮಾತು ಯಾವ ಊರಿನದು ಅಂತ ಕೂಡ ತನಗೆ ತಿಳಿಯಲಿಲ್ಲ.

"ಮೇಷ್ಟ್ರೇ, ಕೇಳಿದ್ರಾ?" ಅಂತ ತಿರುಗಿದರು.

ಮಲ್ಲಿಕಾರ್ಜುನ ಕೂತಿದ್ದ ಕಡೆ ನೋಟ್‌ಬುಕ್ಕು ಮಾತ್ರ ಬೋರಲು ಬಿದ್ದಿತ್ತು, ಹಿತ್ತಲ ಬಾಗಿಲು ಅರ್ಧ ಸರಿದಿತ್ತು.

ಹಿತ್ತಲ ಮಂಜಿನಲ್ಲಿ ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ. ಬರೀ ಬೊಡ್ಡೆಗಳು ನಿಂತಿದ್ದವು. ಅವುಗಳ ನಡುವೆ ನಡೆಯುತ್ತಾ ಜಯದೇವಪ್ಪನವರಿಗೆ ತಮ್ಮ ಹೆಜ್ಜೆ ಸಪ್ಪಳವೇ ಕೇಳಿಸಲಿಲ್ಲ. ಹಿಂದೆ ಕಾಶಮ್ಮನ ಬಳೆ ಸದ್ದು, ಮುಂದೆ ಹೊಗೆ ವಾಸನೆ. ಶೆಡ್ಡಿನ ಬಾಗಿಲು ತೆರೆದಿತ್ತು.

ಒಳಗೆ ಅಚ್ಚಿನ ಕೆಳಗಿನ ಒಲೆ ಉರಿಯುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಬೆಳಕು ಹೊಗೆಯಲ್ಲಿ ನಿಧಾನಕ್ಕೆ ಅಲ್ಲಾಡುತ್ತಿತ್ತು. ಮೂಲೆಯಲ್ಲಿ ಕಲ್ಲಿನ ಬಾನಿ. ಅದರಲ್ಲಿ ಬುಧವಾರ ನೆನೆಹಾಕಿದ ಪಟ್ಟೆಗಳು ಹಾಗೇ ಇದ್ದವು, ಒದ್ದೆ ಕಟ್ಟಿಗೆಯ ಒಗರು ವಾಸನೆ ಬಿಡುತ್ತ. ಮಲ್ಲಿಕಾರ್ಜುನ ಅಂಗಿ ತೋಳು ಹೆಗಲವರೆಗೆ ಏರಿಸಿ ಬಾನಿಯೊಳಗೆ ಕೈ ಮುಳುಗಿಸಿದ್ದ. ಒಂದೊಂದೇ ಪಟ್ಟೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕೆ ಹಾಕುತ್ತಿದ್ದ.

"ಬಲು ಬೇಗ ಬಂದ್ಬಿಟ್ರಿ ಮೇಷ್ಟ್ರೇ."

ಮಲ್ಲಿಕಾರ್ಜುನ ಬೆಚ್ಚಿಬೀಳಲಿಲ್ಲ. ಬೆಚ್ಚಿದ್ದರೆ ಜಯದೇವಪ್ಪನವರಿಗೆ ಸಮಾಧಾನವಾಗುತ್ತಿತ್ತು.

"ನೀವು ಇನ್ನೂ ನಿದ್ದೆಗಣ್ಣಲ್ಲಿದ್ರಿ ಸಾರ್. ಯಾಕೆ ಎಬ್ಬಿಸೋದು ಅಂತ ಬಂದೆ."

"ಒಲೆ ಯಾಕೆ?"

"ಚಳಿ."

"ಚಳಿ ಇದ್ದೋರು ತಣ್ಣೀರಲ್ಲಿ ಕೈ ಇಡ್ತಾರಾ?"

ಅವನು ಇನ್ನೊಂದು ಪಟ್ಟೆ ಎತ್ತಿ ಬೆಳಕಿಗೆ ಹಿಡಿದ. ಮಲ್ಲಿಕಾರ್ಜುನ ದೇವನೂರಿನವನು, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವನು. ಪಂಚಾಕ್ಷರಪ್ಪನ ಡಬ್ಬಿಗೆ ಪೇಟೆಂಟು ಮಾಡಿಸಿಕೊಡುತ್ತೇನೆ ಅಂತ ಎರಡು ವರ್ಷದಿಂದ ಈ ಶೆಡ್ಡಿಗೆ ಓಡಾಡಿಕೊಂಡಿದ್ದ. ಒಳ್ಳೆಯವನೇ, ಆದರೆ ಹೆಸರಿನ ಹಸಿವು ಹೆಚ್ಚು.

"ಎರಡು ವರ್ಷ ಅವರ ಪಕ್ಕ ಕೂತೋರು ನೀವು," ಜಯದೇವಪ್ಪ ಬಾನಿಯ ಅಂಚಿಗೆ ಬಂದು ನಿಂತರು. "ಅವರು ಒಂದ್ಸಲನಾದ್ರೂ ಬಾಯ್ತಪ್ಪಿ ಪಟ್ಟೆಗೆ ಹಾಳೆ ಅಂದಿರ್ಲಿಲ್ವಾ?"

"ನಾನೂ ಬಯಲುಸೀಮೆಯವನೇ ಸಾರ್. ನನಗೂ ಹಾಳೆ ಅಂದ್ರೆ..."

"ಅಂದಿದ್ರೋ ಇಲ್ವೋ?"

ಮಲ್ಲಿಕಾರ್ಜುನ ಕನ್ನಡಕ ತೆಗೆದು ಒದ್ದೆ ಕೈಯಿಂದ ಒರೆಸಿದ. ಗಾಜು ಇನ್ನಷ್ಟು ಮಸುಕಾಯಿತು. ಮತ್ತೆ ಹಾಕಿಕೊಂಡ.

"ಅಂದಿದ್ರು. ಒಂದೆರಡು ಸಲ. ಸುಸ್ತಾದಾಗ."

"ಹಾಗಾದ್ರೆ ನಾಲ್ಕು ದಿನ ನನ್ನೆದುರಿಗೆ ಕೂತು ಕಾಗದ ಓದಿದ್ದು ಏನಯ್ಯಾ? ನಾಟಕಾನಾ?"

"ನೀವು ಕಾಗದದಲ್ಲೇ ಹುಡುಕ್ತಾ ಇರ್ಬೇಕಿತ್ತು ನನಗೆ." ಅವನ ದನಿ ಸಣ್ಣಗಾಯಿತು. "ಪಾಕ ಮೊದಲು ನನ್ನ ಕೈಗೆ ಸಿಗ್ಬೇಕಿತ್ತು. ಅಷ್ಟೇ. ದಿನಾ ಬೆಳಿಗ್ಗೆ ನಿಮಗಿಂತ ಮುಂಚೆ ಬಂದು ಒಣಗಿದ ಪಟ್ಟೆನೆಲ್ಲ ನೋಡ್ದೆ. ಈ ಬಾನಿ ಒಂದು ಬಾಕಿ ಇತ್ತು, ಇದರ ಪಟ್ಟೆ ಒಣಗಿಸೋಕೇ ಒಲೆ ಹಚ್ಚಿದ್ದು. ಕಳ್ಳ ಅನ್ನಿ, ಒಪ್ಕೋತೀನಿ. ಹೊಡೆದೋನು ಅನ್ಬೇಡಿ. ಆ ಮನುಷ್ಯ ನನಗೆ ತನ್ನ ತಟ್ಟೇಲಿ ಊಟ ಹಾಕಿದಾರೆ."

"ಅಲ್ಲೊಬ್ಬ ಲಾಕಪ್ಪಿನಲ್ಲಿ ಕೂತಿದಾನಲ್ಲೋ!" ಜಯದೇವಪ್ಪನವರ ಕೂಗಿಗೆ ಹೆಂಚಿನ ಮೇಲಿದ್ದ ಗುಬ್ಬಿ ಹಾರಿಹೋಯಿತು. "ಮೂರು ಗಂಟೆಗೆ ಅವನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ನೀನಿಲ್ಲಿ ಪೇಟೆಂಟು ಅಂತಿದೀಯ!"

"ಅವನು ಲಾಕಪ್ಪಿಗೆ ಹೋಗಿದ್ದು ನನ್ನ ಮಾತಿಂದ ಅಲ್ಲ ಸಾರ್."

ಜಯದೇವಪ್ಪನವರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಿಜವೇ ತಾನೆ. ಬೇರೆ ಯಾರ ಮಾತಿನಿಂದಲೂ ಅಲ್ಲ.

ಒಲೆಯಲ್ಲಿ ಕೊಳ್ಳಿಯೊಂದು ಜಾರಿತು. ಸುಮ್ಮನೆ ನಿಲ್ಲಲಾರದೆ ಜಯದೇವಪ್ಪ ಬಾನಿಯ ನೀರಿಗೆ ಕೈ ಇಟ್ಟರು. ಪಟ್ಟೆಗಳೆಲ್ಲ ಐದು ದಿನ ನೆನೆದು ಬಟ್ಟೆಯ ಹಾಗೆ ಮೆತ್ತಗಾಗಿ ತಳ ಸೇರಿದ್ದವು. ಒಂದು ಮಾತ್ರ ಮೇಲೆ ತೇಲುತ್ತಿತ್ತು. ಅಡ್ಡ ಬರುತ್ತದೆ ಅಂತ ಮಲ್ಲಿಕಾರ್ಜುನ ಅದನ್ನು ಅಂಚಿಗೆ ತಳ್ಳಿದ್ದ. ಜಯದೇವಪ್ಪ ಬೆರಳಿನಿಂದ ಅದನ್ನು ಕೆಳಗೆ ಒತ್ತಿದರು. ಎದ್ದು ಬಂತು. ಮತ್ತೆ ಒತ್ತಿದರು. ಮತ್ತೆ ಬಂತು. ನೀರು ಅದರ ಮೇಲಿಂದ ಜಾರಿ ಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಅವರು ಅದನ್ನೇ ನೋಡುತ್ತಾ ನಿಂತುಬಿಟ್ಟರು. ಎಷ್ಟು ಹೊತ್ತೋ. ಕಣ್ಣಿಗೆ ಮತ್ತೆ ತೂಕಡಿಕೆ ಬಂದ ಹಾಗೆ, ಮೈ ಹಗುರಾದ ಹಾಗೆ. ಹೊಗೆ, ಬೆಳಕು, ಕೆಳಗೆ ಹೋಗಲಾರೆ ಅನ್ನುವ ಆ ಒಂದು ಪಟ್ಟೆ.

"ಅದು ಮುಳುಗಲ್ಲ," ಅಂದಳು ಕಾಶಮ್ಮ ಪಕ್ಕದಲ್ಲಿ. "ಒಳಗೆ ಗಾಳಿ ಐತೆ. ಕೊಡಿ ಇಲ್ಲಿ."

ಹಾಳೆಯ ಒಳಮೈಗೆ ತೆಳ್ಳನೆಯ ಬಿಳಿ ಪೊರೆಯೊಂದಿರುತ್ತದೆ. ಹುಷಾರಾಗಿ ಎಳೆದರೆ ಇಡಿಯಾಗಿ ಬಿಚ್ಚಿಕೊಳ್ಳುತ್ತದೆ. ಕಾಶಮ್ಮ ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಸವರುತ್ತಾ ಹೋದಳು. ಒಂದು ಕಡೆ ತಡೆಯಿತು. ಯಾರೋ ಪೊರೆಯನ್ನು ಬಿಚ್ಚಿ, ಮತ್ತೆ ಸುತ್ತ ಅಂಟು ಹಾಕಿ ಕೂರಿಸಿದ್ದರು. ಉಗುರು ಊರಿ ಎಳೆದಳು.

ಒಳಗೆ ಒಂದು ಹನಿ ನೀರಿರಲಿಲ್ಲ. ಐದು ದಿನ ಬಾನಿಯಲ್ಲಿದ್ದ ಹಾಳೆಯ ಹೊಟ್ಟೆ ಬೂದಿಯಷ್ಟು ಒಣಗಿತ್ತು. ಅದರ ಮೇಲೆ ಸೂಜಿಯಿಂದ ಗೀರಿ ಮಸಿ ತಿಕ್ಕಿದ ಅಕ್ಷರಗಳು. ಪಂಚಾಕ್ಷರಪ್ಪನ ದುಂಡು ಅಕ್ಷರ.

ಜಯದೇವಪ್ಪ ಬೆಳಕಿಗೆ ಹಿಡಿದು ಓದಿದರು.

"ಹುಣಸೆಬೀಜದ ಹಿಟ್ಟು, ಮೆಂತ್ಯ, ಜಾಲಿ ಅಂಟು, ಹರಳೆಣ್ಣೆ. ಅಳತೆ ಪಾಪಮ್ಮನ ಕೈಯಲ್ಲಿದೆ. ಈ ಪಾಕ ನನ್ನದಲ್ಲ. ಚೌಡಪ್ಪನ ಹೆಂಡತಿ ಪಾಪಮ್ಮ ಮೊರಕ್ಕೆ ಬಳಿಯುತ್ತಿದ್ದಳು, ನಾನು ನೋಡಿ ಕೇಳಿದೆ, ಹೇಳಿಕೊಟ್ಟಳು. ಡಬ್ಬಿಯ ಹಕ್ಕು ಅವಳದು. ಕಾಗದದಲ್ಲಿ ಬರೆದರೆ ಮೇಷ್ಟ್ರ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಇಲ್ಲಿ ಬರೆದಿದ್ದೇನೆ. ಗುರುವಾರ ಬೆಳಗ್ಗೆ ಅವಳೊಬ್ಬಳನ್ನೇ ಬರಹೇಳಿದ್ದೇನೆ. ಇದನ್ನು ಅವಳ ಕೈಗೇ ಕೊಡುತ್ತೇನೆ. ಚೌಡಪ್ಪನಿಗೆ ಹೇಳಿಲ್ಲ. ಹೇಳಿದರೆ ಬೇಡ ಅನ್ನುತ್ತಾನೆ. ಬುಧವಾರ. ಪಂಚಾಕ್ಷರಪ್ಪ."

"ಮೊರಕ್ಕೆ ಬಳಿಯೋ ಪಾಕ!" ಮಲ್ಲಿಕಾರ್ಜುನ ಒದ್ದೆ ನೆಲದ ಮೇಲೇ ಕುಸಿದು ಕೂತ. "ಎರಡು ವರ್ಷ... ಲ್ಯಾಬಿನಲ್ಲಿದ್ದ ಸಾಲ್ವೆಂಟೆಲ್ಲ ಸುರಿದು ನೋಡ್ದೆ ನಾನು. ಮೆಂತ್ಯ!"

"ನಿಮ್ಮವ್ವನ್ನ ಒಂದ್ಮಾತು ಕೇಳಿದ್ರೆ ಹೇಳ್ತಿದ್ಲಲ್ಲಪ್ಪಾ," ಅಂದಳು ಕಾಶಮ್ಮ. "ತೂತು ಬಿದ್ದ ಮೊರಕ್ಕೆ ಮೆಂತ್ಯ ಬಳೀದೆ ಇನ್ನೇನು ಚಿನ್ನ ಬಳೀತಾರಾ?"

ಜಯದೇವಪ್ಪನವರಿಗೆ ಅವರ ಮಾತು ಎಲ್ಲೋ ದೂರದಿಂದ ಕೇಳಿಸಿತು. ಅವರ ಕಣ್ಣು ತುಂಬಿ ಬಂದಿತ್ತು. ತನ್ನ ಹೆಂಡತಿಗೆ ಹಕ್ಕು ಬರೆದುಕೊಟ್ಟ ಮನುಷ್ಯನನ್ನು ಯಾರು ಹೊಡೆಯುತ್ತಾರೆ? ಯಾತಕ್ಕೆ ಹೊಡೆಯುತ್ತಾರೆ? ಚೌಡಪ್ಪ ಬಚಾವಾದ. ತಾನು ಬಚಾವಾದೆ. ಶಿವ ಶಿವಾ ಅಂತ ಹಾಳೆಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡರು.

"ನೀ ಹೋಗಪ್ಪ, ಓಡು," ಅಂದಳು ಕಾಶಮ್ಮ ಬಾಗಿಲಿಗೆ ಅಡ್ಡ ಕೂರುತ್ತಾ. "ಮೇಷ್ಟ್ರು ನನ್ನ ಕಣ್ಣೆದುರೇ ಇರ್ತಾರೆ. ಮೆಂತ್ಯದ ಪಾಠ ಹೇಳ್ತೀನಿ."

ಮಂಜು ಹರಿದಿತ್ತು. ಹರಿದ ಮೇಲೂ ಬಿಸಿಲಿಗೆ ಇನ್ನೂ ಧೈರ್ಯ ಬಂದಿರಲಿಲ್ಲ, ಬೆಳ್ಳಗೆ ತಣ್ಣಗಿತ್ತು. ಅರವತ್ತೆರಡರ ಜಯದೇವಪ್ಪ ಪಂಚೆ ಎತ್ತಿ ಕಟ್ಟಿ ರೈಲ್ವೆ ಗೇಟು ದಾಟಿ ಬೀಸು ಹೆಜ್ಜೆ ಹಾಕಿದರು. ಹಳಿಯ ಪಕ್ಕದ ಜಾಲಿ ಗಿಡಗಳಿ‌ಗೆ ನೀಲಿ, ಹಳದಿ, ಬಿಳಿ ಪ್ಲಾಸ್ಟಿಕ್ ಕವರುಗಳು ಸಿಕ್ಕಿಕೊಂಡು ಗಾಳಿಗೆ ಉಬ್ಬುತ್ತಿದ್ದವು. ದೂರದಿಂದ ನೋಡಿದರೆ ಹೂ ಬಿಟ್ಟಿದೆ ಅನ್ನಬೇಕು. ಅವುಗಳ ಮೇಲೆ ಅವರಿಗೆ ಮೊದಲಿಂದಲೂ ಸಿಟ್ಟು. ಒಂದು ಗಂಟಿಲ್ಲ, ಒಂದು ಕೈ ಗುರುತಿಲ್ಲ, ಯಾರು ಕೊಟ್ಟರೋ ಯಾರು ಎಸೆದರೋ ಯಾರಿಗೂ ಗೊತ್ತಾಗುವುದಿಲ್ಲ. ಇವತ್ತು ಮಾತ್ರ ಅವುಗಳನ್ನು ಕಂಡರೂ ಕೋಪ ಬರಲಿಲ್ಲ. ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ಅನ್ನುವ ಹಾಗೆ ನಡೆದರು. ಪೇಟೆಯಲ್ಲಿ ಯಾರೋ "ಏನ್ ಸ್ವಾಮಿ, ಎಲ್ಲಿಗೆ ಹಿಂಗೆ?" ಅಂದರು. ಇವರು ನಕ್ಕು ಮುಂದೆ ಹೋದರು.

ಠಾಣೆಯ ಜಗಲಿಯ ಮೇಲೆ ಪಾಪಮ್ಮ ಕೂತಿದ್ದಳು. ಅಜ್ಜಂಪುರದಿಂದ ರೈಲಿಗೆ ಬಂದವಳು, ಗಂಡನಿಗೆ ರೊಟ್ಟಿ ಕಟ್ಟಿ ತಂದಿದ್ದಳು. ಮುತ್ತುಗದ ಎಲೆಯಲ್ಲಿ ಸುತ್ತಿದ ರೊಟ್ಟಿ ತೊಡೆಯ ಮೇಲೇ ಇತ್ತು. ಯಾರೂ ಒಳಗೆ ಬಿಟ್ಟಿರಲಿಲ್ಲವೋ, ಅವಳೇ ಕೇಳಿರಲಿಲ್ಲವೋ.

"ಅಳಬೇಡಮ್ಮ," ಅಂದರು ಜಯದೇವಪ್ಪ. ಅವಳು ಅಳುತ್ತಿರಲಿಲ್ಲ. "ಇವತ್ತು ನಿನ್ನ ಗಂಡ ನಿನ್ನ ಜೊತೇಲೇ ಊರಿಗೆ ಬರ್ತಾನೆ. ಪಂಚಾಕ್ಷರಪ್ಪಾರು ಎಲ್ಲಾ ಬರೆದಿಟ್ಟಿದಾರೆ."

ಪಾಪಮ್ಮ ತಲೆ ಎತ್ತಿದಳು. "ಅವ್ರಿಗೆ ಮಾತು ಬಂತಾ?"

"ಇಲ್ಲಮ್ಮ. ಆದ್ರೆ ಬರ್ತದೆ ಅಂತ ಡಾಕ್ಟ್ರು ಹೇಳ್ತಾರೆ. ಇವತ್ತೋ ನಾಳೆಯೋ. ನೀನೇನೂ ಯೋಚ್ನೆ ಮಾಡ್ಬೇಡ."

ಒಳಗೆ ಸಬ್‌ಇನ್ಸ್‌ಪೆಕ್ಟರ್ ಚಂದ್ರಶೇಖರ ಕೋರ್ಟಿಗೆ ಒಯ್ಯುವ ಕಾಗದ ಜೋಡಿಸುತ್ತಿದ್ದರು. ಚಿಕ್ಕ ವಯಸ್ಸು, ನಿಧಾನದ ಮನುಷ್ಯ. ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು, ಮೂಸಿ ನೋಡಿದರು. "ಓದಿ ಸಾರ್, ಅವನಿಗೂ ಕೇಳ್ಲಿ," ಅಂದರು.

ಜಯದೇವಪ್ಪ ಸರಳುಗಳ ಹತ್ತಿರ ಹೋದರು. ಚೌಡಪ್ಪ ಗೋಡೆಗೆ ಒರಗಿ ಮೊಳಕಾಲು ಕಟ್ಟಿಕೊಂಡು ಕೂತಿದ್ದ. ನಿನ್ನೆಯಿಂದ ಒಂದೇ ಮಾತು ಅವನದು: ನಾನು ಹೊಡ್ದಿಲ್ಲ.

"ತಪ್ಪಾಯ್ತು ಕಣೋ ಚೌಡಪ್ಪ," ಅಂದರು ಜಯದೇವಪ್ಪ. "ದೊಡ್ಡ ತಪ್ಪಾಯ್ತು. ನನ್ನ ಜಂಬ ನಿನ್ನನ್ನ ಇಲ್ಲಿಗೆ ತಂದು ಕೂರಿಸ್ತು. ಕೇಳು ಇದನ್ನ."

ಓದಿದರು. ದೊಡ್ಡ ದನಿಯಲ್ಲಿ, ಒಂದೊಂದು ಅಕ್ಷರವೂ ಜಗಲಿಗೆ ಕೇಳುವ ಹಾಗೆ. ಪಾಪಮ್ಮನೂ ಕೇಳಲಿ, ಸಂತೋಷಪಡಲಿ ಅಂತಲೇ ಹಾಗೆ ಓದಿದರು. ಮೊರದ ಮಾತು ಬಂದಾಗ ಚೌಡಪ್ಪನ ಗಡ್ಡದ ಮುಖ ಅರಳಿತು.

"ಅಯ್ಯೋ ಇವಳ! ನನಗೊಂದು ಮಾತು ಹೇಳಿಲ್ಲ ನೋಡಿ ಸ್ವಾಮಿ. ನಮ್ಮ ಮೊರದ್ದಾ ಅದು? ನಾನೇ ದಿನಾ ಬಳೀತಿದ್ದೆ ಡಬ್ಬಿಗೆ, ವಾಸನೆ ಎಲ್ಲೋ ಗೊತ್ತಿದ್ದಂಗೈತಲ್ಲ ಅಂತಿದ್ದೆ."

ನಗುತ್ತಿದ್ದ. ಕಣ್ಣೀರು ಬಂದಿತ್ತು. ಜಯದೇವಪ್ಪ ಮುಂದೆ ಓದಿದರು.

"ಗುರುವಾರ ಬೆಳಗ್ಗೆ ಅವಳೊಬ್ಬಳನ್ನೇ ಬರಹೇಳಿದ್ದೇನೆ."

ಚೌಡಪ್ಪನ ನಗು ಬಾಯಲ್ಲೇ ಉಳಿಯಿತು. ಕಣ್ಣು ಮಾತ್ರ ಬೇರೆಯಾಯಿತು.

ಜಯದೇವಪ್ಪ ಪೂರ್ತಿ ಓದಿ ಮುಗಿಸಿ ತಲೆ ಎತ್ತಿದಾಗ ಸಬ್‌ಇನ್ಸ್‌ಪೆಕ್ಟರು ಫೈಲು ತಿರುವುತ್ತಿದ್ದರು. ಒಂದು ಕಾಗದದ ಮೇಲೆ ಅವರ ಬೆರಳು ನಿಂತಿತು.

"ಪಾಪಮ್ಮನ ಹೇಳಿಕೆ ಇದು, ಇವತ್ತು ಬೆಳಿಗ್ಗೆ ಬರ್ಕೊಂಡಿದ್ದು. ಗುರುವಾರ ಇಡೀ ದಿನ ಊರಲ್ಲೇ ಇದ್ದೆ, ಈರುಳ್ಳಿ ಕೀಳ್ತಿದ್ದೆ, ಕಡೂರಿಗೆ ಬಂದಿಲ್ಲ. ಹೆಬ್ಬೆಟ್ಟು ಒತ್ತಿದಾಳೆ." ನಿಧಾನವಾಗಿ ತಲೆ ಎತ್ತಿದರು. "ಪಂಚಾಕ್ಷರಪ್ಪ ಕರೆದಿದ್ದ ಸಂಗತೀನೇ ಹೇಳಿಲ್ಲವಲ್ಲ ಸಾರ್ ಈಕೆ. ಯಾಕೆ?"

ಜಯದೇವಪ್ಪನವರ ಕೈಯಲ್ಲಿದ್ದ ಹಾಳೆ ಒಮ್ಮೆಲೇ ಭಾರವಾಯಿತು. ಗಂಡನನ್ನು ಬಿಡಿಸಲು ತಂದದ್ದು ಹೆಂಡತಿಯ ಕಡೆ ಬೆರಳು ಮಾಡಿ ತೋರಿಸುತ್ತಿತ್ತು. ತೋರಿಸಿದ್ದು ಇನ್ಯಾರೂ ಅಲ್ಲ, ತಾನೇ ಓದಿ, ತನ್ನ ಬಾಯಿಂದಲೇ, ಊರಿಗೆ ಕೇಳುವ ಹಾಗೆ.

"ಸಾಹೇಬ್ರೇ."

ಚೌಡಪ್ಪ ಎದ್ದು ನಿಂತಿದ್ದ.

"ಬರ್ಕೊಳ್ಳಿ. ನಾನೇ ಹೊಡ್ದಿದ್ದು."

"ಲೇ ಚೌಡಪ್ಪಾ!" ಅಂದರು ಜಯದೇವಪ್ಪ.

"ಸುಮ್ನಿರಿ ಸ್ವಾಮಿ. ನಿನ್ನೆಯಿಂದ ಸುಳ್ಳು ಹೇಳ್ದೆ. ಈಗ ನಿಜ ಹೇಳ್ತಿದೀನಿ. ಕೂಲಿ ವಿಷಯಕ್ಕೆ ಮಾತು ಬೆಳೀತು, ಹಿಡಿ ತಗೊಂಡು ಹೊಡ್ದೆ. ನನ್ನ ಹೆಂಡ್ತಿ ಬಂದಿಲ್ಲ. ಅವ್ಳಿಗೆ ಇದೊಂದೂ ಗೊತ್ತಿಲ್ಲ. ಎಲ್ಲಿ ಒತ್ಬೇಕು ತೋರ್ಸಿ."

"ಏನ್ ಮಾತಾಡ್ತಿದೀಯೋ? ಆ ಮನುಷ್ಯ ನಿನಗೆ ದೇವರಂಗಿದ್ದ ಅಂತ ನೀನೇ ಹೇಳ್ತಿದ್ದೆ!"

"ದೇವ್ರಿಗೂ ಹೊಡೆಯೋರು ಇದಾರೆ ಸ್ವಾಮಿ," ಅಂದ ಚೌಡಪ್ಪ. ಅವನ ದನಿಯಲ್ಲಿ ಏನೂ ಇರಲಿಲ್ಲ.

ಸಬ್‌ಇನ್ಸ್‌ಪೆಕ್ಟರು ಹೊಸ ಕಾಗದವೊಂದನ್ನು ಎಳೆದುಕೊಂಡರು. ಆಮೇಲೆ ನಾಲ್ಕು ಸಾಲು ಬರೆದರು, ಓದಿ ಹೇಳಿದರು, ಮಸಿಯ ಪ್ಯಾಡು ಸರಳಿನ ಹತ್ತಿರ ಒಯ್ದರು. ಚೌಡಪ್ಪ ಹೆಬ್ಬೆಟ್ಟು ಒತ್ತಿದ. ಒತ್ತಿ ದೊಡ್ಡದೊಂದು ಉಸಿರು ಬಿಟ್ಟ, ಹೊರೆ ಇಳಿಸಿದವನ ಹಾಗೆ.

ಜಯದೇವಪ್ಪನವರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಾಪಮ್ಮನ ಕಾಲಾದರೂ ಹಿಡಿದು ನಿಜ ಕೇಳಬೇಕು ಅಂತ ಜಗಲಿಗೆ ಬಂದರು.

ಜಗಲಿ ಖಾಲಿ ಇತ್ತು. ರೊಟ್ಟಿಯ ಪೊಟ್ಟಣ ಕಂಬದ ಬುಡದಲ್ಲಿತ್ತು.

"ಆ ಹೆಂಗಸು ಎಲ್ಲಯ್ಯಾ?"

ಬಾಗಿಲಲ್ಲಿದ್ದ ಪೇದೆ ಕರಿಯಣ್ಣ ಬೀಡಿ ಮರೆಮಾಡಿಕೊಂಡ. "ನೀವು ಓದ್ತಿದ್ದಾಗ್ಲೇ ಎದ್ದು ಹೋದ್ಲು ಸಾರ್. ಪಂಚಾಕ್ಷರಪ್ಪಾರನ್ನ ಮಲಗ್ಸಿರೋ ಆಸ್ಪತ್ರೆಗೆ ಹೆಂಗೆ ಹೋಗ್ಬೇಕು ಅಂತ ಕೇಳಿದ್ಲು. ಪಾಪ ಅನ್ನಿಸ್ತು, ದಾರಿ ತೋರಿಸ್ದೆ."

ಮಾತು ಒಳಗೂ ಕೇಳಿಸಿತ್ತು. ಮಸಿ ಇನ್ನೂ ಆರದ ಕೈಯಿಂದ ಸರಳು ಹಿಡಿದು ಚೌಡಪ್ಪ ಕಿರುಚಿದ. ತಾನು ಈಗಷ್ಟೇ ಏನು ಒಪ್ಪಿಕೊಂಡೆ ಅನ್ನುವುದು ಅವನಿಗೆ ಮರೆತೇ ಹೋಗಿತ್ತು.

"ಓಡಿ ಸ್ವಾಮಿ, ಓಡಿ! ಆ ಯಜಮಾನ್ರ ಹತ್ರ ಅವ್ಳನ್ನ ಒಬ್ಳನ್ನೇ ಬಿಡ್ಬೇಡಿ!"